ನದಿಯ ಹೆಣ್ಣಿಗೆ ಕೊಟ್ಟ ದನಿ

ಮಗ್ಗ ನಿಂತವು, ಓಣಿಯ ಎಲ್ಲ ಮಗ್ಗಗಳೂ ಒಂದೇ ಸಲಕ್ಕೆ, ಕರೆಂಟ್ ಹೋಗಿರಬೇಕು, ರಬಕವಿಯಲ್ಲಿ ಇಂಥ ಮೌನ ಸಿಗುವುದೇ ಆಗ, ಈಗಲೇ ಹೇಳಿ ಮುಗಿಸಬೇಕು ಎಂದು ಅಕ್ಷತಾ ಸದ್ದು ತಡೆಯಲು ಕೌದಿ ಇಳಿಬಿಟ್ಟ ಕೋಣೆಯ ಮೂಲೆಯಲ್ಲಿ ಮೈಕಿನತ್ತ ಬಾಗಿದಳು, ಲ್ಯಾಪ್‌ಟಾಪಿನ ಪರದೆಯ ಮೇಲೆ ಬ್ರೆಜಿಲ್ ದೇಶದ ನದಿ, ಕೆಸರುಗೆಂಪು, ಸೊಂಟದ ತನಕ ನೀರಲ್ಲಿ ನಿಂತ ಇಯಾರಾ, ಆ ನಾಡಿನ ಹಳೆಯ ಕಥೆಗಳ ನೀರಹೆಣ್ಣು, ದನಿಯಿಂದಲೇ ಗಂಡಸರನ್ನು ಕರೆದು ಮುಳುಗಿಸುವವಳು — ಕನ್ನಡಕ್ಕೆ ಡಬ್ ಆಗುತ್ತಿರುವ ಈ ಸರಣಿಯಲ್ಲಿ ಹಿಂದುಮುಂದಾದ ಪಾದಗಳ ಕಾಡಿನ ಕಾವಲುಗಾರನಿದ್ದಾನೆ, ಬೆಂಕಿಯ ಹಾವಿದೆ, ಆದರೂ ನೋಡುವವರಿಗೆಲ್ಲ ಹಿಡಿಸಿದವಳು ಇವಳೇ, ಎಂಟು ಕಂತುಗಳಿಂದ ಇವಳ ಬಾಯಿಗೆ ಕನ್ನಡ ತುಂಬುತ್ತಿರುವವಳು ಅಕ್ಷತಾ — ಇವತ್ತಿನ ಮಾತು ಒಂದೇ, ಬಾ. ಹನ್ನೊಂದು ಸಲ ಹೇಳಿದ್ದಾಯಿತು. ಮೇಡಂ, ಹೆದರಿದ ಹಾಗೆ ಕೇಳಿಸ್ತಿದೆ, ಕರೆಯೋಳು ಹೆದರಬಾರದು, ನಂಬೋ ಹಾಗೆ ಕರೀರಿ, ಸ್ಟುಡಿಯೋದ ನವೀನ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದ, ನಂಬುವ ಹಾಗೆ, ಅದೇನು ಅವಳಿಗೆ ಬಾರದ್ದಲ್ಲ, ಚೆನ್ನಾಗಿಯೇ ಬರುತ್ತಿತ್ತು, ಹೋದ ಮಂಗಳವಾರದ ತನಕ.

ಮಂಗಳವಾರ ಉಂಡು ಕೈ ಒರೆಸಿಕೊಳ್ಳುತ್ತ ಗೌರೀಶ ಇದೇ ಕೌದಿ ಸರಿಸಿ ನಿಂತಿದ್ದ, ಗಂಡ, ಹಿಪ್ಪರಗಿಯ ಕಡೆ ನದಿಯ ಉಸುಕು ಎತ್ತಿಸುವ ನಾಲ್ಕು ಟ್ರ್ಯಾಕ್ಟರುಗಳ ಧಣಿ, ಜಕ್ಕಪ್ಪ ನನ್ನ ಫೋನ್ ಎತ್ತವಲ್ಲ, ನೀ ಹಚ್ಚು, ನಿನ್ನ ಮಾತ ಮೀರಂಗಿಲ್ಲ ಅಂವ, ಕುಂತು ಮಾತಾಡಿ ಬಗಿಹರಿಸೋಣು ಅಂತ ಹೇಳು. ಜಕ್ಕಪ್ಪ ಅವಳ ತವರೂರಿನವನು, ದಂಡೆಯ ಮೇಲೆ ಎರಡೆಕರೆ ಇದ್ದವನು, ಉಸುಕು ತೋಡಿ ತೋಡಿ ಹೊಲದ ಅಂಚು ಕುಸಿದು ನೀರಿಗೆ ಹೋಯಿತೆಂದು ಅರ್ಜಿಯ ಮೇಲೆ ಅರ್ಜಿ ಕೊಟ್ಟವನು, ಬರುವ ವಾರ ಸಾಹೇಬರು ಜಾಗ ನೋಡಲು ಬರುವವರಿದ್ದರು, ಮಾತಾಡೂದಷ್ಟಽ ಹೌದಲ್ಲ ಎಂದು ಅವಳು ಕೇಳಿದ್ದಳು, ಹೌದಽ ಬಿಡು ಎಂದಿದ್ದ, ಆದರೆ ಕಿಟಕಿಯಿಂದ ಕಂಡಿತ್ತು, ಹೊರಗೆ ಜೀಪಿನಲ್ಲಿ ಇಬ್ಬರು, ಚಹಾಕ್ಕೆ ಕರೆದರೂ ಇಳಿಯದವರು, ಮುಖ ಈ ಕಡೆ ತಿರುಗಿಸದವರು, ಕಂಡಿತ್ತು, ಕಂಡೂ ನಂಬರು ಒತ್ತಿದಳು, ಅಣ್ಣಾ, ನದಿ ಕಡೆ ಬರ್ರಿ, ಒಬ್ಬರಽ ಬರ್ರಿ, ನಮ್ಮವರು ಹಾದಿ ನೋಡ್ತಾರ, ಮತ್ತು ಅವನು ನಕ್ಕ, ನೀ ಕರದ ಮ್ಯಾಲೆ ಬರದ ಇರ್ತೇನೇನವಾ ತಂಗಿ. ಶುಕ್ರವಾರ ಬ್ಯಾರೇಜಿನ ಗೇಟಿಗೆ ಹೆಣ ತಾಗಿತ್ತು, ಕಾಲು ಜಾರಿರಬೇಕು ಎಂದರು, ಎಲ್ಲರೂ ಅದನ್ನೇ ಅಂದರು, ಗೌರೀಶ ಎಲ್ಲರಿಗಿಂತ ಮೊದಲು ಅಂದಿದ್ದ. ಯಾರೋ ಕಳಿಸಿದ ವೀಡಿಯೊ, ಆ ಮಂಗಳವಾರ ಮಧ್ಯಾಹ್ನವೇ ತೆಗೆದದ್ದು, ಹದಿನಾಲ್ಕು ಸೆಕೆಂಡು, ದಂಡೆಯ ಮೇಲೆ ಜಕ್ಕಪ್ಪನ ಬೈಕು, ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿದ್ದು, ಕೀಲಿ ಅದರಲ್ಲೇ, ಸುಡುವ ಬಿಸಿಲಲ್ಲಿ ಬಲಗಡೆಯ ಇಂಡಿಕೇಟರು ಮಿಣಕ್ ಮಿಣಕ್, ನದಿಗೆ ಹೊರಳುವಾಗ ಹಾಕಿದ್ದು, ಆರಿಸಲು ಅವನಿಗೆ ಪುರಸೊತ್ತು ಸಿಕ್ಕಿಲ್ಲ, ಅಥವಾ ಆರಿಸಗೊಟ್ಟಿಲ್ಲ, ಎಷ್ಟು ಸಲ ನೋಡಿದಳೋ, ಅಳಿಸಿದಳು, ಅಳಿಸಿದ ಮೇಲೆ ಕಣ್ಣು ಮುಚ್ಚಿದರೂ ಮಿಣಕ್, ಕಾರದ ಒಗ್ಗರಣೆಯ ಹೊಗೆಯಲ್ಲಿ ಮಿಣಕ್.

ಬಾ, ಎಂದಳು ಮೈಕಿಗೆ, ಬಾಗಿಲಲ್ಲಿ ಯಾರೋ ಅಕ್ಷತಾ ಎಂದರು. ಹನ್ನೆರಡನೆಯದೂ ಕೆಟ್ಟಿತು. ಹೊರಬಂದರೆ ಪಡಸಾಲೆಯಲ್ಲಿ ಗೌರೀಶ ಚಹಾದ ಬಟ್ಟಲು ಹಿಡಿದು ಕುಳಿತಿದ್ದ, ಹೊಸ್ತಿಲ ಒಳಗೆ ಮಾಯವ್ವ, ಜಕ್ಕಪ್ಪನ ಹೆಂಡತಿ, ಬರಿಗೈ, ಬರಿಗಾಲು, ಹಿಪ್ಪರಗಿಯಿಂದ ನಡೆದೇ ಬಂದವಳ ಹಾಗೆ ಮೊಣಕಾಲ ತನಕ ಧೂಳು. ಕೂಡು ಯಕ್ಕಾ, ಎಂದಳು ಅಕ್ಷತಾ. ಕೂಡಂಗಿಲ್ಲವಾ, ಒಂದು ಮಾತು ಕೇಳಾಕ ಬಂದೇನಿ, ಅವತ್ತ ಅವರು ಉಣ್ಣಾಕತ್ತಿದ್ರು, ಫೋನ್ ಬಂತು, ತಂಗಿ ಕರದಾಳ ಅಂದ್ರು, ಅರ್ಧಾ ರೊಟ್ಟಿ ಬಿಟ್ಟು ಎದ್ರು, ಅವರಿಗೇನು ಊರ ತುಂಬ ತಂಗಿದೇರು, ನಾಕ ದಿನದಿಂದ ಮನಿ ಮನಿ ಕೇಳಕೋತ ಹೊಂಟೇನಿ, ನೀ ಅಲ್ಲೇಳು, ನಿನ್ನ ಕೇಳಬಾರದು, ಆದ್ರೂ ಕೇಳ್ತೇನಿ. ಆಕಿಗೇನು ಗೊತ್ತಿರ್ತದ ಬೇ, ದಿನಾ ಆ ಕೋಣ್ಯಾಗ ಇರಾಕಿ, ಗೌರೀಶ ನಗುನಗುತ್ತಲೇ ಅಂದ, ಬಟ್ಟಲು ಮಾತ್ರ ತುಟಿಗೆ ಹೋಗಲಿಲ್ಲ, ನಾನಲ್ಲ ಎಂದರೆ ಸಾಕು, ಮಾಯವ್ವ ನಂಬುತ್ತಾಳೆ, ನಂಬಲಿಕ್ಕೆಂದೇ ಬಂದಿದ್ದಾಳೆ, ಮುಂದಿನ ಮನೆಗೆ ಹೋಗುತ್ತಾಳೆ, ಅದರ ಮುಂದಿನದಕ್ಕೆ, ಸಾಯುವ ತನಕ ಕೇಳುತ್ತ ಹೋಗುತ್ತಾಳೆ, ಎಲ್ಲಿಂದ ಬಂತೋ ದನಿ, ತನ್ನದೇ ಎಂದು ಅಕ್ಷತಾಳಿಗೇ ಅನಿಸಲಿಲ್ಲ, ನಾನಽ ಯಕ್ಕಾ. ನಾನಽ ಕರದ್ನಿ. ಇವರು ಕರಿ ಅಂದ್ರು, ಕರದ್ನಿ.

ಮಾಯವ್ವ ಅಳಲಿಲ್ಲ, ಬೈಯಲೂ ಇಲ್ಲ, ಕಿವಿ ಸರಿಯಾಗಿ ಕೇಳದವಳ ಹಾಗೆ ಒಂದು ಹೆಜ್ಜೆ ಹತ್ತಿರ ಬಂದಳು, ಏನಂತ ಕರದಿ? ಗೌರೀಶ ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟ, ಎದ್ದ, ಮಾಯವ್ವನ ಬೆನ್ನ ಹಿಂದೆ ಹೋಗಿ ಹೊರಬಾಗಿಲು ಮುಚ್ಚಿ ಚಿಲಕ ಹಾಕಿದ, ಅವಸರವಿಲ್ಲದೆ, ಅಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತ, ಪಡಸಾಲೆ ಮಬ್ಬಾಯಿತು, ಏನಂತ ಕರದಿ ಹೇಳವಾ, ಬರ್ರಿ ಅಂದ್ನಿ, ಬರ್ರಿ ಅಣ್ಣಾ ಅಂದ್ನಿ, ಈಗ ಗಂಡನ ಮುಖ ನೋಡಬೇಕು, ನೋಡಲೇಬೇಕು, ಆದರೆ ಅಲ್ಲಿ ಮುಖವಿಲ್ಲ, ದಂಡೆ, ಬಿಸಿಲು, ನೆಟ್ಟಗೆ ನಿಂತ ಬೈಕು, ಬಲಗಡೆ, ಮಿಣಕ್, ಬಲಗಡೆ, ಮಿಣಕ್