ಪುಟ್ಟನಂಜಮ್ಮನ ಕತ್ತಿಗೊಂದು ವಜ್ರ

೧

ಬಸ್ಸಿನಿಂದ ಶುರು ಮಾಡಲೇ? ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗುವ ಬೆಳಗಿನ ಬಸ್ಸು, ಕಿಟಕಿ ಪಕ್ಕ ಒಬ್ಬ ಹೆಂಗಸು, ಮಡಿಲಲ್ಲೊಂದು ಚೀಲ. ಬರೆದೆ, ಓದಿದೆ, ಹೊಡೆದುಹಾಕಿದೆ. ಬಸ್ಸು ಹತ್ತಿ ಹಾಳಾದ ಕಥೆಗಳು ಒಂದೇ ಎರಡೇ! ವಜ್ರದಿಂದಲೇ ಶುರು ಮಾಡೋಣವೆಂದರೆ, ನಾನು ಹತ್ತಿರದಿಂದ ಕಂಡಿರುವ ಹೊಳೆಯುವ ವಸ್ತು ನಮ್ಮ ಹೆಡ್ಮಾಸ್ಟರ ತಲೆಯೊಂದೇ. ಕೊನೆಗೆ ಧೈರ್ಯ ಮಾಡಿ ಹೀಗೆ ಬರೆದೆ: "೧೯೮೪. ಪಣಕಹಳ್ಳಿಯ ವಿಧವೆ ಪುಟ್ಟನಂಜಮ್ಮ..."

"ನಿಲ್ಸಿ ಮೇಷ್ಟ್ರೆ," ಅಂದಳು ಪುಟ್ಟನಂಜಮ್ಮ. "ಮೊದ್ಲ ಮಾತೇ ಅದಾ? ಉಳ ಸಾಕೋಳು ಅನ್ನಿ. ಗಂಡ ಸತ್ತದ್ದು ಒಂದಿನ. ನಾನು ಸೊಪ್ಪು ಕುಯ್ಯೋದು ದಿನಾಲೂ."

(ಪಾತ್ರ ಮೊದಲ ವಾಕ್ಯಕ್ಕೇ ಬಾಯಿ ಹಾಕಿದರೆ ಕಥೆಗಾರನ ಗತಿ ಏನು, ಓದುಗರೇ? ಆದರೂ ತಿದ್ದಿದೆ.)

ಪಣಕಹಳ್ಳಿಯ ಪುಟ್ಟನಂಜಮ್ಮ ರೇಷ್ಮೆ ಹುಳ ಸಾಕುವವಳು. ಚಾಮರಾಜನಗರದ ಮಾರ್ಕೆಟ್ಟಿನಲ್ಲಿ ಅವಳ ಗೂಡು ಅಂದರೆ ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಾರೆ. ಎಂಟು ವರ್ಷದ ದುಡಿಮೆಯಲ್ಲಿ ಅವಳು ಸಾಕಿಕೊಂಡು ಬಂದ ಆಸೆ ಒಂದೇ: ವಜ್ರದ ಪದಕವೊಂದು, ಚಿನ್ನದ ಸರದಲ್ಲಿ, ತನ್ನ ಕತ್ತಿಗೆ. ತಾಳಿ ತೆಗೆದ ಕತ್ತು ಬರಿದಾಗೇ ಇರಬೇಕು ಅನ್ನುವುದು ಗಂಡನ ಅಣ್ಣ ರುದ್ರಸ್ವಾಮಿಯ ಹಟ. ಊರೂ ಅವನ ಕಡೆಗೇ. ಜಗಳ ಇಷ್ಟೇ.

೨

ಮೊದಲ ಡ್ರಾಫ್ಟಿನಲ್ಲಿ ಅವಳು ಪದಕ ಕೊಂಡು ತಂದು ಮಗಳು ಬಂಗಾರಮ್ಮನ ಕೊರಳಿಗೆ ಹಾಕಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬರೆಯುವಾಗ ನನಗೂ ಕಣ್ಣು ಒದ್ದೆಯಾಯಿತು, ಸುಳ್ಳೇಕೆ. ಯಾವ ವಾರಪತ್ರಿಕೆಯವರೂ ಬೇಡ ಅನ್ನುತ್ತಿರಲಿಲ್ಲ.

"ಗುಮಟಾಪುರಕ್ಕೆ ಕೊಟ್ಟಾಗ ಅವ್ಳಿಗೆ ಮಾಡ್ಬೇಕಾದ್ದೆಲ್ಲ ಮಾಡಿವ್ನಿ. ಅವ್ಳ ಕತ್ತು ಅವ್ಳ್ದು, ನನ್ನ ಕತ್ತು ನಂದು. ತಾಯಾದೋಳು ಏನ ತಕಂಡ್ರೂ ಮಕ್ಳಿಗೇ ಕೊಡ್ಬೇಕು ಅಂತ ಯಾವ ಪುಸ್ತಕ್ದಲ್ಲಿ ಅದ ಮೇಷ್ಟ್ರೆ?"

ಎಲ್ಲ ಪುಸ್ತಕದಲ್ಲೂ ಇದೆ ಅನ್ನಬೇಕೆಂದುಕೊಂಡೆ. ಬದಲಿಗೆ ಹಾಳೆ ಹರಿದೆ.

೩

ಒಡವೆ ಅಂಗಡಿ ಚಾಮರಾಜನಗರದ್ದು. ಯಜಮಾನರು ಪದ್ಮರಾಜಯ್ಯ, ಮೆತ್ತನೆ ಮಾತಿನವರು. (ಅವರನ್ನು ಮೋಸಗಾರ ಮಾಡಿದ್ದರೆ ನನಗೆ ಕೆಲಸ ಸಲೀಸಾಗುತ್ತಿತ್ತು. ಪಾಪ, ಅವರು ಒಳ್ಳೆಯವರು.) "ಗಂಡ್ಸು ಜೊತೇಲಿಲ್ದಿದ್ರೆ ಟೋಪಿ ಆಕ್ತಾರೆ" ಅಂತ ರುದ್ರಸ್ವಾಮಿಯೂ ಬಂದಿದ್ದ. ಬಂದವನೇ ಇದ್ದ ಒಂದು ಕುರ್ಚಿಯಲ್ಲಿ ಕೂತ.

ಪದ್ಮರಾಜಯ್ಯ ಬಲ್ಬಿನ ಕೆಳಗೆ ನೀಲಿ ಕಾಗದ ಹಾಸಿ ಮೂರು ಬಿಡಿ ಕಲ್ಲು ಇಟ್ಟರು. ಒಂದು ದಪ್ಪ, ಒಂದು ಮಧ್ಯಮ, ಒಂದು ಚಿಕ್ಕದು. ಮೂರೂ ಕಣ್ಣು ಕುಕ್ಕುವ ಹಾಗೆ ಹೊಳೆದವು.

"ದಪ್ಪಂದೇ ಆಗ್ಲಿ, ಎದ್ದ್ ಕಾಣ್ತದ," ಅಂದ ರುದ್ರಸ್ವಾಮಿ. ಕೊಳ್ಳುವುದು ತಪ್ಪದಿದ್ದ ಮೇಲೆ ಮನೆತನದ ಮರ್ಯಾದೆಯಾದರೂ ದಪ್ಪಗಿರಲಿ ಅನ್ನುವ ಲೆಕ್ಕ.

"ಲೈಟ್ ಆರ್ಸಿ ಸ್ವಾಮಿ," ಅಂದಳು ಪುಟ್ಟನಂಜಮ್ಮ.

"ಯಾಕಮ್ಮ?"

"ದೀಪದ ಕೆಳ್ಗೆ ಎಲ್ಲಾ ಗೂಡೂ ಬೆಳ್ಳಗೇ ಕಾಣ್ತದ. ನಾವು ಗೂಡ ನೆಳ್ಳಲ್ಲಿ ನೋಡೋದು."

ಕಲ್ಲುಗಳನ್ನು ಹೊರಗೆ ಜಗುಲಿಯ ನೆರಳಿಗೆ ತರಿಸಿ, ನೀಲಿ ಕಾಗದ ತೆಗೆಸಿ, ಬಿಳಿ ಕಾಗದದ ಮೇಲೆ ಮೂರನ್ನೂ ಬೋರಲು ಮಲಗಿಸಿದಳು. ದಪ್ಪ ಕಲ್ಲಿನ ಬಣ್ಣ ಬಯಲಾಯಿತು. ಒಳಗೆಲ್ಲ ಹಳದಿ, ಹಳೇ ಕಡಲೆಕಾಯಿ ಎಣ್ಣೆಯ ಹಾಗೆ. ರುದ್ರಸ್ವಾಮಿ ಬಗ್ಗಿ ನೋಡಿ, ಕೆಮ್ಮಿ, ಮತ್ತೆ ಹೋಗಿ ಕುರ್ಚಿಯಲ್ಲಿ ಕೂತ.

ಪದ್ಮರಾಜಯ್ಯನವರಿಗೆ ಖುಷಿಯಾಯಿತು. ಕಣ್ಣಿಗೆ ಒತ್ತಿ ಹಿಡಿಯುವ ಪುಟ್ಟ ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟರು. "ನೋಡಬೇಕಾದ್ದು ನಾಲ್ಕಮ್ಮ. ಬಣ್ಣ, ಒಳಗಿನ ಚುಕ್ಕಿ ಗೆರೆ, ಕಟಿಂಗು, ತೂಕ. ಬಂದೋರೆಲ್ಲ ತೂಕದಿಂದ ಶುರು ಮಾಡ್ತಾರೆ. ನೀವು ಬಣ್ಣದಿಂದ ಶುರು ಮಾಡಿದ್ರಿ."

ಮಧ್ಯಮ ಕಲ್ಲು ಬೆಳ್ಳಗಿತ್ತು. ಕನ್ನಡಿ ಹಿಡಿದಾಗ ಒಳಗೊಂದು ಕಪ್ಪು ಚುಕ್ಕಿ ಕಂಡಿತು. ಚಿಕ್ಕದರ ಒಳಗೆ ಏನೂ ಇರಲಿಲ್ಲ. ಎಷ್ಟು ತಿರುಗಿಸಿದರೂ, ನೆರಳಿನಲ್ಲೂ, ಒಳಹೋದ ಬೆಳಕು ಪೂರ್ತಿ ವಾಪಸು ಬರುತ್ತಿತ್ತು. ಕಟಿಂಗು ಅಂದರೆ ಅದು ಅಂತ ಪದ್ಮರಾಜಯ್ಯ ಹೇಳಿಕೊಟ್ಟರು. ಪುಟ್ಟನಂಜಮ್ಮ ಬಹಳ ಹೊತ್ತು ಕನ್ನಡಿಯಿಂದ ಕಣ್ಣು ಕೀಳಲಿಲ್ಲ.

ಚುಕ್ಕಿಯ ಕಲ್ಲನ್ನು ಯಜಮಾನರು ಪಕ್ಕಕ್ಕೆ ಸರಿಸಿದರು. "ಇದನ್ನ ಮುತ್ತೈದೇರು ಮುಟ್ಟಲ್ಲ. ಕಪ್ಪು ಚುಕ್ಕಿ ಇದ್ರೆ ಗಂಡನ ಜೀವಕ್ಕೆ ಆಗಲ್ಲ ಅಂತ ನಂಬಿಕೆ."

ರುದ್ರಸ್ವಾಮಿಯ ಮುಖ ಅರಳಿತು. "ಅಂಗಾರೆ ಇದ್ನೇ ಕೊಡಿ! ಅಗ್ಗದಲ್ಲೂ ಬತ್ತದ. ಇವ್ಳಿಗೆ ಇನ್ನ ಓಗೋದೇನದ? ಕಂತೆಗೆ ತಕ್ಕ ಬೊಂತೆ."

೪

(ಈ ಭಾಗ ಹರಿದುಹಾಕಿದ್ದೇನೆ. ಏನಿತ್ತು ಅಂತ ಹೇಳದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲ, ನನಗೆ ಗೊತ್ತು.)

ಪುಟ್ಟನಂಜಮ್ಮ ಗಹಗಹಿಸಿ ನಕ್ಕು, ಊರೇ ಹೆದರುವ ಆ ಚುಕ್ಕಿಯ ಕಲ್ಲನ್ನೇ ಕೊಂಡು, ಎದೆಯುಬ್ಬಿಸಿ ನಡೆದಳು ಅಂತ ಎರಡು ಪುಟ ಬರೆದಿದ್ದೆ. ಎಂಥ ವ್ಯಂಗ್ಯ! ಎಂಥ ಬಂಡಾಯ! ವಿಮರ್ಶಕರು ಆ ಚುಕ್ಕಿಯ ಮೇಲೆ ಸೆಮಿನಾರು ಮಾಡುತ್ತಿದ್ದರು.

"ಥೂ! ನೀವೂ ಅವ್ನೂ ಒಂದೇಯ," ಅಂದಳು. "ಊರೆಲ್ಲ ಬ್ಯಾಡ ಅಂದ ಕಲ್ಲ ನನ್ನ ಕತ್ತಿಗೆ ಕಟ್ಬುಟ್ಟು ಅದ್ಕೊಂದು ದೊಡ್ಡ ಎಸ್ರು ಮಡಗೀರಾ? ಗೂಡು ಬುಡ್ಸುವಾಗ ಕಲೆ ಬಿದ್ದಿದ್ದ ನಾನೇ ಬೇರೆ ಆರ್ಸಿ ಮಡಗೋದು ಮೇಷ್ಟ್ರೆ. ಒಳ್ಳೇದು ಮಾರ್ಕೆಟ್ಗೆ, ಕಲೇದು ಮನ್ಗೆ. ಅನ್ನ ಆದ್ರೂ ಅಷ್ಟೆ, ಒಳ್ಳೇದು ಮಿಕ್ಕೋರ್ಗೆ, ಸೀದದ್ದು ನಂಗೆ. ನಂಗೆ ಸಾಕಾಗೋಗದ. ಒಂದೇ ಒಂದು ದಪ ಒಳ್ಳೇದು ನಂಗಿರ್ಲಿ."

ನನಗೆ ನಾಚಿಕೆಯಾಯಿತು. ಎರಡೂ ಪುಟ ಒಲೆಗೆ ಹಾಕಿದೆ.

೫

ಚಿಕ್ಕ ಕಲ್ಲನ್ನು ಬೆರಳ ತುದಿಯಲ್ಲಿ ಎತ್ತಿ, "ಇದು" ಅಂದಳು.

"ಅಷ್ಟ್ ಚಿಕ್ದಾ? ಯಾರ್ಗ ಕಂಡದು?"

"ನಂಗೆ ಕಾಣ್ತದ ಬಾವ."

ಪದ್ಮರಾಜಯ್ಯ ಕಲ್ಲನ್ನು ಹತ್ತಿಯಲ್ಲಿ ಸುತ್ತತೊಡಗಿದರು. ವಜ್ರ ಕೊಳ್ಳುವವರು ಮೊದಲು ಬಿಡಿ ಕಲ್ಲನ್ನು ಮೂರು ದಿನ ಮನೆಯಲ್ಲಿಟ್ಟು ನೋಡುವುದು ಪದ್ಧತಿ. ಕೆಡುಕೇನೂ ಆಗದಿದ್ದರೆ ಕಲ್ಲು ಆಗಿಬಂತು ಅಂತ ಲೆಕ್ಕ, ಆಮೇಲೆ ಚಿನ್ನದಲ್ಲಿ ಕೂರಿಸುವುದು. ಕೆಡುಕಾದರೆ ವಾಪಸು.

ಇದನ್ನು ಕೇಳಿ ರುದ್ರಸ್ವಾಮಿ ಕುರ್ಚಿ ಬಿಟ್ಟು ಎದ್ದ. "ಅದು ಸರಿ! ಮೂರ್ದಿನ ಮಡಿಕಂಡು ನೋಡ್ಮ. ಮನೇಲಿ ಉಳ ನಾಕ್ನೇ ಜ್ವರದಿಂದ ಎದ್ದವ. ಏನಾರ ಆದ್ರೆ ತಂದ್ ಕೊಟ್ಬುಡ್ಮ."

(ಹುಳ ಪೊರೆ ಬಿಡುವಾಗ ಮೇವು ಬಿಟ್ಟು ಮಲಗುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳ ವಾರವಿಡೀ ಬಕಾಸುರನ ಹಾಗೆ ತಿನ್ನುತ್ತದೆ. ರೋಗ ಬಿದ್ದರೂ ಆಗಲೇ. ಬಿತ್ತೋ, ಇಡೀ ಬೆಳೆ ಗುಂಡಿಗೆ.)

ಪುಟ್ಟನಂಜಮ್ಮನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಒಂದು ತಟ್ಟೆ ಹುಳ ಸತ್ತರೂ ಊರು ಏನನ್ನುತ್ತದೆ ಅಂತಲೂ ಗೊತ್ತು. ಅವಳಿಗೆ ಹೆದರಿಕೆಯಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು:

"ಕಲ್ಲ ನಾನು ನೋಡಾಯ್ತು. ಕಲ್ಲು ನನ್ನ ನೋಡೋದು ಬ್ಯಾಡ. ಇವತ್ತೇ ಕೂರ್ಸಿ."

"ಕೂರಿಸಿದ ಮೇಲೆ ವಾಪಸ್ ತಗೊಳ್ಳೋಕಾಗಲ್ಲಮ್ಮ."

"ವಾಪಸ್ ಕೊಡ್ತೀನಿ ಅಂದೋರ್ಯಾರು?"

ಅಕ್ಕಸಾಲಿ ಕೂರಿಸಿ ಮುಗಿಸುವವರೆಗೂ ಅವಳು ಜಗುಲಿ ಬಿಟ್ಟು ಏಳಲಿಲ್ಲ. ಸರ ಹಾಕಿಕೊಳ್ಳುವಾಗ ಕೊಂಡಿ ಎರಡು ಸಲ ತಪ್ಪಿತು. ಮೂರನೇ ಸಲ ಸಿಕ್ಕಿತು. ಪದಕವನ್ನು ಸೆರಗಿನ ಮೇಲಕ್ಕೆ ಎಳೆದುಕೊಂಡು ಬೀದಿಗಿಳಿದಳು.

ನಂಬರು ಹಾಕದ ಭಾಗ

ಈಗ ಮುಗಿಸಬೇಕಲ್ಲ. ನನ್ನ ಹತ್ತಿರ ಎರಡು ಮುಕ್ತಾಯ ರೆಡಿ ಇವೆ. ಒಂದರಲ್ಲಿ ಗೂಡು ಮಲ್ಲಿಗೆಯ ಹಾಗೆ ಕಟ್ಟಿ ಮಾರ್ಕೆಟ್ಟೇ ಬೆರಗಾಗುತ್ತದೆ. ಇನ್ನೊಂದರಲ್ಲಿ ಇಡೀ ಬೆಳೆ ಗುಂಡಿ ಸೇರುತ್ತದೆ. ಯಾವುದು ಬೇಕು, ಕೇಳಿ.

"ಯಾವ್ದೂ ಬ್ಯಾಡಿ," ಅಂದಳು ಅವಳು. "ಬೆಳೆ ಬಂದ್ರೆ ಕಲ್ಲಿನ ಅದೃಷ್ಟ ಅಂದೀರಿ. ಕೆಟ್ರೆ ಕಲ್ಲಿನ ಸನಿ ಅಂದೀರಿ. ಉಳ ಸಾಕಿದ್ದು ಕಲ್ಲಾ?"

ಹಾಗಾಗಿ ಮೂರನೇ ದಿನ. ಹುಳದ ಕೋಣೆಗೆ ಹೊರಗಿನವರನ್ನು ಯಾರೂ ಬಿಡುವುದಿಲ್ಲ, ಸೋಂಕು ತಗಲುತ್ತದೆ ಅಂತ. ರುದ್ರಸ್ವಾಮಿ ಬೆಳಗಾಗುವ ಮುಂಚೆ ಬಂದು ಪಡಸಾಲೆಯಲ್ಲಿ ನಿಂತಿದ್ದಾನೆ. ಅವನ ಹಿಂದೆ ನಾನು, ನನ್ನ ಹಿಂದೆ ನೀವು. ಹುಳ ಸೊಪ್ಪು ಮೇಯುವ ಸದ್ದು ಕೇಳೀತೆಂದು ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟೆವು. ಪಕ್ಕದ ಮನೆ ರೇಡಿಯೋ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ.

ಬಾಗಿಲು ತೆರೆಯಿತು. ಪುಟ್ಟನಂಜಮ್ಮ ಹೊರಗೆ ಬಂದು, ನಮಗೊಂದು ಇಣುಕೂ ಸಿಗದ ಹಾಗೆ ಹಿಂದಿನಿಂದ ಎಳೆದು ಚಿಲಕ ಹಾಕಿದಳು.

"ಉಳ ಎಂಗವ?" ಅಂದ ರುದ್ರಸ್ವಾಮಿ. ನಾನೂ ಅದನ್ನೇ ಕೇಳಿದೆ. ಸುಳ್ಳು ಹೇಳಬೇಡಿ, ನೀವೂ ಕೇಳಿದಿರಿ.

"ಪದ್ಕ ಚೆಂದಾಗಿ ಅದ, ಬಾವ."