ಗೋಡೆಯಾಚೆಯ ರೋಗಿ

ಎದೆಯನ್ನು ಆಗಲೇ ತೆರೆದಿದ್ದರು. ಹಸಿರು ಬಟ್ಟೆಯ ನಡುವಿನ ಚೌಕದಲ್ಲಿ ಹೃದಯ, ದೋಣಿಗೆ ಎಳೆದು ಹಾಕಿದ ಮೀನಿನಂತೆ, ಒದ್ದಾಡುತ್ತಿತ್ತು. ಲಸಾದ್ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡ.

ಫೋನ್ ಮತ್ತೆ ಬಡಿದುಕೊಂಡಿತು. ಅಕ್ಕ ವಸೀಲಾ.

“ಒಳಗೆ ಕರಕೊಂಡು ಹೋದ್ರು ಕಣೋ. ಎಲ್ಲಾರೂ ಆಪರೇಷನ್ ಬಾಗಿಲಲ್ಲೇ ಕೂತಿದೀವಿ. ಚಾಪೆ, ಖರ್ಜೂರ, ಎಲ್ಲಾ ತಂದಿದೀವಿ. ನೀನೊಬ್ಬ ಇಲ್ಲ.”

“ಪೇಪರ್ ತಿದ್ದೋದಿದೆ.”

“ರಜೇಲೂನಾ? ಮಂಚ ತಳ್ಳುವಾಗ ತೌಫೀಕ್ ತಲೆ ಎತ್ತಿ ಹುಡುಕ್ದ. ಯಾರನ್ನ ಅಂತ ನಾನು ಕೇಳ್ಲಿಲ್ಲ.”

“ನೋಡೋಣ.”

ತೌಫೀಕ್ ಅವನ ಅಣ್ಣ. ಅಪ್ಪನನ್ನು ಮಣ್ಣು ಮಾಡಿದ ದಿನ, ತಡವಾಗಿ ಬಂದ ತಮ್ಮನಿಗೆ, ‘ನೀನು ಬರೋದು ಎಲ್ಲಾ ಮುಗಿದ ಮೇಲೇ’ ಎಂದಿದ್ದ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಆ ಮಾತು ಸುಳ್ಳಾಗಿದ್ದರೆ ಲಸಾದ್ ಎಂದೋ ಕ್ಷಮಿಸುತ್ತಿದ್ದ.

ಹೊರಗೆ ಸ್ಫಾಕ್ಸ್ ಪಟ್ಟಣ ರಂಜಾನಿನ ಹಸಿವಿನಲ್ಲಿ ತೂಕಡಿಸುತ್ತಿತ್ತು. ಈ ಹೊತ್ತಿಗೆ ಎಲ್ಲರ ಟಿವಿಯಲ್ಲೂ ಅಡುಗೆ. ಈ ಭೂಗೋಳದ ಮೇಷ್ಟ್ರ ಮನೆಯಲ್ಲಿ ಮಾತ್ರ ಶಸ್ತ್ರಚಿಕಿತ್ಸೆ. ಅವನಿಗೆ ಬೇಕಾದದ್ದು ರಕ್ತವಲ್ಲ. ಮುಖ ಕಾಣದ ಒಬ್ಬನ ಸುತ್ತ ಅಷ್ಟೊಂದು ಕೈ, ಅಷ್ಟು ಮೆಲ್ಲಗಿನ ದನಿ. ನೋಡಿದ್ದನ್ನೇ ನೋಡುತ್ತಿದ್ದ. ಇವತ್ತಿನ ವಿಡಿಯೋ ಕೂಡ ಹಳೆಯದೇ. ಈ ರೋಗಿ ಬದುಕುತ್ತಾನೆಂದು ಗೊತ್ತಿದ್ದೇ ಹಾಕಿದ್ದ.

ಯಾರೋ ಬಾಗಿಲು ತಟ್ಟಿದರು. ಪಕ್ಕದ ಮನೆಯ ಬೇಯಾ ಚಿಕ್ಕಮ್ಮ, ಕೈಯಲ್ಲಿ ಮುಚ್ಚಿದ ಬೋಗುಣಿ. ಬಾರ್ಲಿ ಗಂಜಿ.

“ಒಳಗಿರೋರು ಹೇಗಿದಾರಪ್ಪ?”

“ಹಾಗೇ ಇದಾರೆ.”

ಗೋಡೆ ತೆಳು. ಯಂತ್ರದ ಕೂಗು, ವೈದ್ಯರ ಮಾತು ಕೇಳಿ ಕೇಳಿ ಮುದುಕಿ ಈ ಮನೆಯಲ್ಲಿ ಯಾರೋ ರೋಗಿ ಮಲಗಿದ್ದಾರೆ ಎಂದುಕೊಂಡಿದ್ದಳು. ಮೊದಲ ದಿನವೇ ಇಲ್ಲವೆನ್ನಬಹುದಿತ್ತು. ಆದರೆ ಗಂಜಿ ಬಿಸಿಯಾಗಿತ್ತು. ಆಮೇಲೆ ಇಡೀ ಕಟ್ಟಡವೇ ಮೆಟ್ಟಿಲ ಮೇಲೆ ದನಿ ತಗ್ಗಿಸಿ ಅವನನ್ನು ವಿಚಾರಿಸತೊಡಗಿತು. ನೆರೆಯವರ ಬೋಗುಣಿಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಅಲ್ಲಿಲ್ಲ. ತುಂಬಿಕೊಡಲು ಅವನಲ್ಲಿ ಏನೂ ಇರಲಿಲ್ಲ. ಅಡುಗೆಮನೆಯಲ್ಲಿ ಖಾಲಿ ಬೋಗುಣಿಗಳು ಒಂದರೊಳಗೊಂದು ಬೆಳೆಯುತ್ತಿದ್ದವು.

“ಇವತ್ತು ಒಂದ್ಸಲ ನೋಡ್ತೀನಿ. ಕೈಯಿಟ್ಟು ಫಾತಿಹಾ ಓದಿ ಹೋಗ್ತೀನಿ. ಉಪವಾಸದ ಬಾಯಿ, ದೇವರು ತಳ್ಳಿಹಾಕಲ್ಲ.”

“ಬೇಡ ಚಿಕ್ಕಮ್ಮ, ನಿದ್ದೆ ಮಾಡ್ತಿದಾರೆ…”

“ಇಷ್ಟು ಗದ್ದಲದಲ್ಲಿ ಹೆಣಕ್ಕೂ ನಿದ್ದೆ ಬರಲ್ಲ. ಸರಿ ಆಚೆ, ಮೇಷ್ಟ್ರೇ.”

ಒಳಗೆ ಬಂದಳು. ಹಾಸಿಗೆ ಖಾಲಿ. ಟಿವಿಯಲ್ಲಿ ಎದೆ ಬಿಚ್ಚಿದ ಮನುಷ್ಯ. ಬೈಯುತ್ತಾಳೆ, ಬೋಗುಣಿಗಳನ್ನೆಲ್ಲ ಎತ್ತಿಕೊಂಡು ಹೋಗುತ್ತಾಳೆ ಎಂದು ಲಸಾದ್ ಕಾದ. ಅವಳು ಬಹಳ ಹೊತ್ತು ನೋಡಿದಳು.

“ಇವನೇನಾ?”

ಲಸಾದ್ ರಿಮೋಟಿಗೆ ಕೈ ಚಾಚಿ ಹಿಂದಕ್ಕೆಳೆದುಕೊಂಡ.

“ಇರಲಿ. ಇವನೂ ಯಾವಳೋ ಒಬ್ಬಳು ಹೆತ್ತವನೇ.” ಗಾಜಿನ ಮೇಲೆ ಅಂಗೈಯಿಟ್ಟಳು. “ಹೆಸರು ಹೇಳು. ತಾಯಿ ಹೆಸರೂ ಹೇಳು. ತಾಯಿ ಹೆಸರು ಹಿಡಿದು ಬೇಡಿದ್ರೆ ದಾರಿ ತಪ್ಪಲ್ಲ.”

“ತೌಫೀಕ್” ಎಂದ ಲಸಾದ್. “ಮಬ್ರೂಕಾಳ ಮಗ.”

“ಅದು ನಿಮ್ಮಮ್ಮನ ಹೆಸರಲ್ವೇನೋ?”

ಅವನು ಪರದೆಯನ್ನೇ ನೋಡಿದ. ಅವಳು ಕಣ್ಣು ಮುಚ್ಚಿ ಓದಿದಳು. ಕೈ ತೆಗೆದಾಗ ಗಾಜಿನ ಮೇಲೆ ಐದು ಬೆರಳಿನ ಮಬ್ಬು ಉಳಿಯಿತು.

“ಹೋಗು ಮಗ, ಅವನ ಹತ್ರ” ಎಂದಳು, ಬಾಗಿಲಲ್ಲಿ. “ಗಂಜಿ ಬೇಕಾದ್ರೆ ಮತ್ತೆ ಕಾಯಿಸ್ಬಹುದು.”

ಒಂದು ಕಾಲಿಗೆ ಬೂಟು ಹಾಕಿದ. ಇನ್ನೊಂದು ಕೈಯಲ್ಲಿತ್ತು. ಹೊಲಿಗೆ ಮುಗಿದ ಕೂಡಲೇ ಟಿವಿ ಆರಿಸುವುದು ಅವನ ರೂಢಿ. ಮುಂದೇನಿದೆಯೆಂದು ಎಂದೂ ನೋಡಿರಲಿಲ್ಲ. ಇಂದು ಆರಿಸಲು ಕೈ ಬಿಡುವಿಲ್ಲದೆ ಅದು ಮುಂದುವರಿಯಿತು.

ಸರ್ಜನ್ ಕೈಗವಸು ಕಳಚಿದ. ಉದ್ದನೆಯ ಓಣಿ ದಾಟಿ, ಬಾಗಿಲು ತಳ್ಳಿ, ರೋಗಿಯ ಕಡೆಯವರಿಗಾಗಿ ಆಚೀಚೆ ನೋಡಿದ. ಸಾಲಾಗಿ ಖಾಲಿ ಕುರ್ಚಿಗಳು. ಮುಖದ ಬಟ್ಟೆಯನ್ನು ಕೆಳಗಿಳಿಸಿ, ಆ ಐದು ಬೆರಳಿನ ಮಬ್ಬಿನ ಹಿಂದಿನಿಂದ, ನೇರವಾಗಿ ಇತ್ತ ದಿಟ್ಟಿಸಿದ.

ಫೋನ್ ಬಡಿದುಕೊಳ್ಳತೊಡಗಿತು. ಅಕ್ಕ.

ಲಸಾದ್ ಒಂಟಿ ಬೂಟಿನಲ್ಲಿ ನಿಂತಿದ್ದ. ಸರ್ಜನ್ ಇನ್ನೂ ನೋಡುತ್ತಲೇ ಇದ್ದ, ‘ನೀವು ಅವರ ಏನಾಗಬೇಕು?’ ಎನ್ನುವಂತೆ.