ದೊಡ್ಡಂಡೆಯ ಮುಂದಿನ ತಗಡು

“ಲೇ ಸೂಳೆಮಗ್ನೆ, ಒಳ್ಗೇನ್ ನಿದ್ದೆ ಒಡೀತಾ ಇದ್ದೀಯೇನ್ಲಾ? ಬಿರ್‍ನೆ ಕೆರೀಲಾ!”

ಬಾಯ್ಲರಿನ ನೆತ್ತಿಯ ತೂತಿಗೆ ಬಾಯಿಟ್ಟು ಮೇಸ್ತ್ರಿ ದೊಡ್ಡಬೀರಯ್ಯ ಕೂಗುತ್ತಿದ್ದ. ಒಳಗೆ ಬುಡ್ಡಿದೀಪ ಪಕ್ಕಕ್ಕಿಟ್ಟುಕೊಂಡು, ಮಗ್ಗುಲಾಗಿ ಬಿದ್ದುಕೊಂಡು, ಪುಟ್ಟಮಾದಯ್ಯ ಕಬ್ಬಿಣಕ್ಕೆ ಅಂಟಿದ ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸುತ್ತಿದ್ದ. ಉದುರಿದ ಪುಡಿ ಕಣ್ಣಿಗೆ, ಮೂಗಿಗೆ, ಬಾಯಿಗೆ. ಉಗಿಯಲು ಬಾಯಲ್ಲಿ ಎಂಜಲೂ ಉಳಿದಿರಲಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿದ್ದ ಆ ಸಕ್ಕರೆ ಮಿಲ್ಲಿಗೆ ಅದೊಂದೇ ಬಾಯ್ಲರು. ಆಳುಗಳ ಬಾಯಲ್ಲಿ ಅದು ದೊಡ್ಡಂಡೆ. ಬೆಂಕಿ ಆರಿಸಿ ಎರಡು ದಿನವಾದರೂ ಒಳಗಿನ ಕಾವು ಹೋಗುತ್ತಿರಲಿಲ್ಲ. ಉಂಡು ತೇಗಿದ ಮೈ ಆ ತೂತಿನಲ್ಲಿ ಇಳಿಯುತ್ತಿರಲಿಲ್ಲ. ಹೊಲಗೇರಿಯ ಪುಟ್ಟಮಾದಯ್ಯನದು ಇಳಿಯುತ್ತಿತ್ತು. ಒಂಬತ್ತು ವರ್ಷದಿಂದ ಇಳಿಯುತ್ತಲೇ ಇತ್ತು.

ಮುಂದಿನ ತಗಡಿನ ಹತ್ತಿರ ತೆವಳಿದಾಗ ಸುತ್ತಿಗೆಯ ಸದ್ದು ಬದಲಾಯಿತು. ಬೇರೆ ಕಡೆ ಠಣ್ ಎನ್ನುತ್ತಿದ್ದ ಕಬ್ಬಿಣ ಇಲ್ಲಿ ಒಣಗಿದ ಸೋರೆಬುರುಡೆಯ ಹಾಗೆ ಬೊದ್ ಬೊದ್ ಎಂದಿತು. ಉಗುರಿನಿಂದ ಕೆರೆದ. ತುಕ್ಕು ಹಪ್ಪಳದಂತೆ ಎದ್ದು ಬಂತು. ಅದರಡಿ ಇನ್ನೊಂದು ಪದರ, ಅದರಡಿ ಮತ್ತೊಂದು. ಅವನ ಕೈ ನಿಂತುಬಿಟ್ಟಿತು. ಆ ತಗಡಿನ ಆಚೆಗೇ ಒಲೆಯ ಬಾಯಿ. ಅದರ ಮುಂದೆ ಹಗಲೆಲ್ಲ ಕೂತು ಒಣಗಿದ ಕಬ್ಬಿನ ಸಿಪ್ಪೆ ತುರುಕುವ ನಾಲ್ಕು ಹೆಂಗಸರಲ್ಲಿ ಒಬ್ಬಳು ಅವನ ಹೆಂಡತಿ ಚಿಕ್ಕಬೋರಮ್ಮ.

ಮೇಲೆ ಬಂದವನೇ ಫಿಟ್ಟರ್ ವಹಾಬ್ ಸಾಬರಿಗೆ ಹೇಳಿದ. ಆ ಮಿಲ್ಲಿನಲ್ಲಿ ಅವನ ಮಾತನ್ನು ನಿಂತು ಕೇಳುವ ಮನುಷ್ಯ ಅವರೊಬ್ಬರೇ.

“ದಿಟಾನೇನ್ಲಾ ಮಾದಾ?”

“ನನ್ನೆಂಡ್ರು ಅದ್ರ ಮುಂದೇ ಕುಂತವ್ಳೆ ಸಾಬ್ರೇ. ಸುಳ್ ಏಳಾನಾ?”

ವಹಾಬ್ ಕೈ ಒರೆಸಿಕೊಂಡರು. “ಮೈಸೂರಿಂದ ಇಂಜಿನೇರ್ರು ಬಂದವ್ರೆ. ಈ ವರ್ಸ ಯಾವ್ ಮಿಸಿನ್ ತಕಬೇಕು ಅಂತ ಆಪೀಸ್ನಲ್ಲಿ ಮಾತಾಡ್ತಾವ್ರೆ. ಈಗ ಸಾವ್ಕಾರ್ರಿಗ್ ಏಳ್ದಿದ್ರೆ ಇನ್ ಯಾವತ್ತೂ ಏಳಂಗಿಲ್ಲ. ನಡಿ.”

ಆಫೀಸಿನ ಜಗಲಿಯ ಮೇಲೆ ಮೇಜು, ಮೇಜಿನ ಮೇಲೆ ದೊಡ್ಡ ದೊಡ್ಡ ಕಾಗದದ ನಕ್ಷೆಗಳು. ವಹಾಬ್ ಮೆಟ್ಟಿಲ ಮೇಲೆ ನಿಂತರು. ಪುಟ್ಟಮಾದಯ್ಯ ಅಂಗಳದಲ್ಲೇ ನಿಂತ.

“ಮೊದಲು ಬಾಯ್ಲರ್ ಬದಲಾಯಿಸಿ ಸಾಹುಕಾರ್ರೇ,” ಎನ್ನುತ್ತಿದ್ದರು ಇಂಜಿನಿಯರ್ ರಾಯರು. “ಇಪ್ಪತ್ತೆಂಟು ವರ್ಷ ಆಯ್ತು ಅದಕ್ಕೆ. ದೊಡ್ಡ ಗಾಣ ತಂದರೆ ಅದರ ಮೇಲೇ ಇನ್ನಷ್ಟು ಭಾರ ಬೀಳುತ್ತೆ.”

“ಬಾಯ್ಲರ್ರು ಕಬ್ ಅರೀತದಾ ರಾಯ್ರೇ?” ಮಿಲ್ಲಿನ ಒಡೆಯ ಸಾಹುಕಾರರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. “ಗಾಣ ತಂದ್ರೆ ದಿನಕ್ಕೆ ಎರಡರಷ್ಟು ಅರೀತದೆ. ಯುದ್ಧ ಮುಗೀತು ಅಂತ ಎಲ್ರೂ ಮಿಸಿನ್‌ಗೆ ಸಾಲ್ ನಿಂತವ್ರೆ. ಈಗ ಬುಟ್ರೆ ಇನ್ ಮೂರ್ ವರ್ಸ ಸಿಕ್ಕಾಕಿಲ್ಲ.”

ವಹಾಬ್ ಕೆಮ್ಮಿದರು. “ಸಾವ್ಕಾರ್ರೇ, ದೊಡ್ಡಂಡೆ ಮುಂದಿನ್ ತಗಡು ತುಕ್ಕಿಡ್ದು ತಿಂದೋಗದಂತೆ. ಒಳಕ್ ಇಳ್ದಿದ್ದ ಮಾದ ನೋಡವ್ನೆ.”

ರಾಯರ ಮುಖ ಅರಳಿತು. ತಮ್ಮ ಮಾತಿಗೆ ಸಾಕ್ಷಿ ಸಿಕ್ಕಿದ ಖುಷಿ. ಬಾಯ್ಲರಿನ ನಕ್ಷೆ ಹಿಡಿದು ಜಗಲಿಯ ಅಂಚಿಗೆ ಬಂದು ಬಗ್ಗಿದರು. “ಎಲ್ಲಪ್ಪಾ? ತೋರ್ಸು ನೋಡೋಣ.”

ಪುಟ್ಟಮಾದಯ್ಯ ದೊಡ್ಡಂಡೆಯನ್ನು ಕಾಗದದ ಮೇಲೆ ಕಂಡವನೇ ಅಲ್ಲ. ಆದರೂ ನೋಡಿದೊಡನೆ ಗುರುತು ಹತ್ತಿತು. ಇದು ತಾನು ಇಳಿಯುವ ತೂತು, ಇದು ಹೊಟ್ಟೆ, ಇದು ಒಲೆಯ ಬಾಯಿ. ಅವನಿಗೇ ಸೋಜಿಗವಾಯಿತು. “ಇಲ್ಲಿ ಬುದ್ದಿ, ಇಗೋ ಇಲ್ಲಿ,” ಎಂದು ಬೆರಳಿಟ್ಟ.

ಕಾಗದದ ಮೇಲೆ ಕರಿ ಮಸಿಯ ಬೊಟ್ಟು ಮೂಡಿತು. ರಾಯರ ಕೈ ಕೆಂಡ ತಾಗಿದಂತೆ ಹಿಂದಕ್ಕೆ ಹೋಯಿತು. ನಕ್ಷೆ ಮೆಟ್ಟಿಲ ಮೇಲೆ ಬಿತ್ತು.

“ಥೂ ನಿನ್ನ ವಂಶ ಸುಡ! ಕಾಗ್ದ ಮುಟ್ತೀಯೇನ್ಲಾ ಹೊಲೆಯ ನನ್ಮಗ್ನೆ?” ಹಿಂದೆಯೇ ಬಂದಿದ್ದ ಮೇಸ್ತ್ರಿಯ ಚಾವಟಿ ಕೋಲು ಬೆನ್ನ ಮೇಲೆ ಬಿತ್ತು. ಗುಮಾಸ್ತ ಒಳಗಿನಿಂದ ಚೊಂಬು ತಂದು ನಕ್ಷೆಯ ಮೇಲೆ ನೀರು ಚಿಮುಕಿಸಿದ. ನೀಲಿ ಗೆರೆಗಳು ಹರಿದು ಒಂದಕ್ಕೊಂದು ಕೂಡಿಕೊಂಡವು. ಕಾಗದದ ಮೇಲಿನ ಬಾಯ್ಲರು ಕರಗಿ ಹೋಯಿತು.

ಸಾಹುಕಾರರು ನಕ್ಕರು. “ಓಯ್ತಲ್ಲ ರಾಯ್ರೇ, ನಿಮ್ ಬಾಯ್ಲರ್ರು. ಗಾಣದ್ದು ಬಿಚ್ಚಿ ಈಗ.”

ರಾಯರು ಕೈ ತೊಳೆದು ಬಂದು ಕೂತರು. ಮತ್ತೆ ಅಂಗಳದ ಕಡೆ ನೋಡಲಿಲ್ಲ. “ಒಡೆದುಹೋದರೆ?” ಎಂದು ಮೆಲ್ಲಗೆ ಕೇಳಿದರು.

“ಒಡುದ್ರೆ ಆಗ್ ತಕ್ಕೊಳ್ಳಾದು.”

“ಮುಂದುಗಡೆ ಆಳುಗಳು ಇರ್ತಾರಲ್ಲ.”

“ಹೆಣ್ಣಾಳು ಕಣ್ರೀ. ನಾಲ್ಕು ಹೋದ್ರೆ ನಲವತ್ ಬಂದ್ ನಿಂತ್ಕತವೆ.”

ರಾಯರು ಪೆನ್ನಿನ ಮುಚ್ಚಳ ತೆಗೆದು ಗಾಣದ ಹೆಸರು ಬರೆದುಕೊಂಡರು.

ಮೇಸ್ತ್ರಿ ಒಂದು ಹಿಡಿ ಸೀಸದ ಮೆತ್ತು ತಂದು ಪುಟ್ಟಮಾದಯ್ಯನ ಮುಂದೆ ಎಸೆದ. “ಓಗಿ ಅಲ್ಲಿಗ್ ಬಡ್ಕಂಡ್ ಬಾ. ಹೊತ್ ಮುಳುಗೋದ್ರೊಳ್ಗೆ ಬೆಂಕಿ ಹಾಕ್ಬೇಕು. ಕೊತ್ತತ್ತಿ ಕಬ್ಬಿನ್ ಗಾಡಿಗಳು ಬೆಳುಗ್ಗಿಂದ ನಿಂತವೆ.”

ಒಲೆಯ ಮುಂದೆ ಚಿಕ್ಕಬೋರಮ್ಮ ಸಿಪ್ಪೆಯ ಹೊರೆ ಇಳಿಸುತ್ತಿದ್ದಳು. ಗಂಡನ ಬೆನ್ನು ನೋಡಿದಳು.

“ಏನಂದ್ರು?”

“ಗಾಣ ತತ್ತಾರಂತೆ.”

“ಮತ್ ಇದು?”

“ಒಡುದ್ ಮ್ಯಾಕೆ ಹೊಸದಂತೆ ಕಣಮ್ಮಿ. ನೀವ್ ಸತ್ ಮ್ಯಾಕೆ.”

ಅವಳು ಪಕ್ಕದಲ್ಲಿದ್ದ ಜೊತೆಯಾಳು ಪುಟ್ಟಮಾದಮ್ಮನ ಕಡೆ ನೋಡಿದಳು. ಪುಟ್ಟಮಾದಮ್ಮ ಮೊಲೆ ಕುಡಿಯುತ್ತಿದ್ದ ಕೂಸನ್ನು ಬಿಡಿಸಿಕೊಂಡು ಎದ್ದು ನಿಂತಳು.

ಪುಟ್ಟಮಾದಯ್ಯ ತೂತಿನೊಳಗೆ ಇಳಿದ. ಮುಂದಿನ ತಗಡಿನವರೆಗೂ ತೆವಳಿದ. ಮೆತ್ತನ್ನು ಕೈಯಲ್ಲಿ ಹಿಸುಕಿದ. ತಣ್ಣಗೆ, ಸಗಣಿಯ ಹಾಗಿತ್ತು. ಇದನ್ನು ಬಳಿದರೆ ತನ್ನ ಹೆಂಡತಿಯ ಮುಖದ ಮೇಲೆ ತಾನೇ ಮಣ್ಣು ಎಳೆದ ಹಾಗೆ ಅನ್ನಿಸಿತು. ಅದನ್ನು ಕತ್ತಲಿಗೆ ಎಸೆದು ಸುತ್ತಿಗೆ ಎತ್ತಿಕೊಂಡ. ಸುತ್ತಿಗೆಯ ಚೂಪು ಕಡೆ ತಿರುಗಿಸಿ, ಮೈಯಲ್ಲಿದ್ದ ಕಸುವನ್ನೆಲ್ಲ ತಂದು ಹೊಡೆದ.

ಒಂದು. ಎರಡು. ಆರನೆಯದಕ್ಕೆ ಸುತ್ತಿಗೆ ಆಚೆಗೆ ಹೋಯಿತು.

ಬೆಳಕು ಬಂತು. ಹುಣಸೆಬೀಜದಷ್ಟು. ಒಂಬತ್ತು ವರ್ಷದಲ್ಲಿ ದೊಡ್ಡಂಡೆಯ ಆ ಮೂಲೆಗೆ ಬೆಳಕು ಬಿದ್ದದ್ದು ಅದೇ ಮೊದಲು. ಇನ್ನು ಅದರಲ್ಲಿ ನೀರು ನಿಲ್ಲುವಂತಿರಲಿಲ್ಲ; ಪಕ್ಕದಲ್ಲಿ ಇನ್ನೊಂದು ತೂತು ಹೊಡೆದ. ಹೊರಗೆ ಹೆಂಗಸರು ಕೂಗಿಕೊಂಡರು. ಓಡುವ ಕಾಲುಗಳ ಸದ್ದು. ಸಾಹುಕಾರರ ದನಿ.

“ಹಾಳ್ ಮಾಡ್ದ ಕಣೋ, ಹಾಳ್ ಮಾಡ್ದ! ಎಳೀರೋ ಅವ್ನ ಆಚ್ಗೆ!”

“ಆ ತೂತಲ್ಲಿ ನಾವ್ ಇಳಿಯಂಗಿಲ್ಲ ಬುದ್ದಿ.” ಅದು ಮೇಸ್ತ್ರಿ.

“ಹಂಗಾರೆ ಬೆಂಕಿ ಹಾಕ್ರೋ ಒಲೆಗೆ! ಕಾದ್ರೆ ತಾನೇ ಬತ್ತಾನೆ, ಇಲ್ಲ ಬೇಯ್ತಾನೆ!”

ವಹಾಬ್ ಸಾಬರು ಏನೋ ಕೂಗಿದರು, ಯಾರೋ ಅವರನ್ನು ದೂಡಿದರು. ಪುಟ್ಟಮಾದಯ್ಯ ತೂತಿಗೆ ಕಣ್ಣಿಟ್ಟ. ಮೇಸ್ತ್ರಿಯ ಕೈಯಲ್ಲಿ ಬೆಂಕಿಪೊಟ್ಟಣ. ಅದನ್ನು ಚಿಕ್ಕಬೋರಮ್ಮನತ್ತ ಚಾಚಿ, “ಹಚ್ಚಮ್ಮಿ,” ಎಂದ. ಅವಳು ತೆಗೆದುಕೊಳ್ಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ಆಮೇಲೆ ಕಾಣಲಿಲ್ಲ.

ಒಲೆಯೊಳಗೆ ಬೂದಿಯ ಮೇಲೆ ಮೈ ಎಳೆಯುವ ಸದ್ದು ಕೇಳಿಸಿತು. ಕೆಮ್ಮು. ಆಮೇಲೆ ಕಬ್ಬಿಣದ ಆಚೆಯಿಂದ, ಅವನ ಮೊಣಕಾಲ ಹತ್ತಿರವೇ, ಅವಳ ದನಿ:

“ಈಗ ಹಚ್ಲಾ, ಬೀರಾ! ಹಚ್ಚು!”

ಉಳಿದ ಮೂವರು ಹೆಂಗಸರು ಒಲೆಯ ಬಾಯಿಗೆ ಬೆನ್ನು ಕೊಟ್ಟು ಕೂತರು. ಕೂಸು ಅಳತೊಡಗಿತು. ದೊಡ್ಡಬೀರಯ್ಯ ಕಡ್ಡಿ ಗೀರಿದ. ಗೀರಿದ ಕಡ್ಡಿ ಹಿಡಿದು ಸಾಹುಕಾರರ ಮುಖ ನೋಡಿದ. ಅವರು ಹಚ್ಚು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ಪುಟ್ಟಮಾದಯ್ಯ ತೂತಿನಿಂದ ಕಣ್ಣು ತೆಗೆದು ಮೂರನೆಯ ಜಾಗಕ್ಕೆ ಸುತ್ತಿಗೆ ಎತ್ತಿದ.